ಒಬ್ಬರಿಗೆ ಎಷ್ಟುದ್ದದ ಕಟ್ಟೆ?

"ಎಷ್ಟು ಜನಕ್ಕೆ ಅಡುಗೆ ಅಮ್ಮಾ?"

ಗ್ರಾನೈಟ್ ಅಂಗಡಿಯವನು ಕೇಳಿದ ಮೊದಲ ಪ್ರಶ್ನೆಯೇ ಇದು. ಯಾವ ಬಣ್ಣ ಬೇಕು, ಮನೆ ಎಲ್ಲಿ, ಏನನ್ನೂ ಕೇಳಲಿಲ್ಲ. ನಾನು ಟೀಚರ್ ಆಗಿ ರಿಟೈರ್ ಆದವಳು. ಪ್ರಶ್ನೆ ಕಿವಿಗೆ ಬಿದ್ದ ತಕ್ಷಣ ಉತ್ತರ ಬಾಯಿಗೆ ಬರುತ್ತದೆ. "ಐದು ಜನಕ್ಕೆ" ಅಂದೆ.

ಪಕ್ಕದಲ್ಲಿದ್ದ ಮೈದುನ ಪ್ರಕಾಶ ಸಣ್ಣಗೆ ಕೆಮ್ಮಿದ. "ಇಲ್ಲ ಸಾರ್, ಒಬ್ಬರಿಗೆ" ಅಂದ. ಅವನ ಹೆಂಡತಿ ಸುಮಿತ್ರಾ, ಅಂದರೆ ನನ್ನ ಓರಗಿತ್ತಿ, ಎದುರಿಗಿದ್ದ ಹಸಿರು ಕಲ್ಲೊಂದನ್ನು ಬಹಳ ಆಸಕ್ತಿಯಿಂದ ನೋಡತೊಡಗಿದಳು. (ಅದು ಯಾರೂ ಆಸಕ್ತಿಯಿಂದ ನೋಡುವಂಥ ಕಲ್ಲಲ್ಲ.)

"ಒಬ್ಬರಿಗಾ? ಹಂಗಾದ್ರೆ ಸಿಂಪಲ್ ಬಿಡಿ" ಅಂದ ಅಂಗಡಿಯವನು. ಒಬ್ಬರಿಗೆ ಎಷ್ಟುದ್ದದ ಕಟ್ಟೆ ಸಾಕು ಅನ್ನುವುದು ಅವನಿಗೆ ಬಾಯಿಪಾಠ. ಎರಡು ಬರ್ನರ್ ಸ್ಟವ್, ಚಿಕ್ಕದೊಂದು ಸಿಂಕ್, ನಡುವೆ ತರಕಾರಿ ಹೆಚ್ಚುವಷ್ಟು ಜಾಗ. ಎರಡೂ ಕೈ ಅಗಲಿಸಿ ತೋರಿಸಿದ. ನಾನು ಅಡ್ಡಾದರೆ ಸರಿಹೋಗುವಷ್ಟು ಉದ್ದವಿತ್ತು.

ಈ ಅಂಕಣವನ್ನು ವಾರವಾರವೂ ಓದುವವರಿಗೆ ನಮ್ಮ ಮನೆ ಹೊಸದಲ್ಲ. ಹೊಸಬರಿಗಾಗಿ ಮತ್ತೊಮ್ಮೆ ಹೇಳುತ್ತೇನೆ. ಚಾಮರಾಜಪೇಟೆಯ ಅಡ್ಡರಸ್ತೆಯೊಂದರಲ್ಲಿ ನಮ್ಮ ಮಾವನವರು ಕಟ್ಟಿಸಿದ ಎರಡಂತಸ್ತಿನ ಮನೆ. ಕೆಳಗೆ ಪ್ರಕಾಶ, ಸುಮಿತ್ರಾ, ಅವರ ಮಗ ಕಾರ್ತಿಕ್. ಮೇಲೆ ನನ್ನ ರೂಮು. ನಮ್ಮ ಯಜಮಾನರು ಹೋಗಿ ಬಹಳ ವರ್ಷವಾಯಿತು. ನಮಗೆ ಮಕ್ಕಳಿಲ್ಲ. ಮಲಗುವುದಷ್ಟೇ ಮೇಲೆ, ಉಳಿದ ಬದುಕೆಲ್ಲ ಕೆಳಗೆ. ಏಕೆಂದರೆ ಅಡುಗೆಮನೆ ಇದ್ದದ್ದು ಅಲ್ಲಿ, ಅದೂ ಒಂದೇ.

ಆ ಅಡುಗೆಮನೆಗೆ ಕಡಪ ಕಲ್ಲಿನ ಕಟ್ಟೆ. ನಮ್ಮ ಅತ್ತೆಯವರು ತಮ್ಮ ಎತ್ತರಕ್ಕೆ ಹಾಕಿಸಿಕೊಂಡಿದ್ದು. ಅತ್ತೆ ಗಿಡ್ಡ, ಸೊಸೆಯರಿಬ್ಬರೂ ಉದ್ದ. ಹಾಗಾಗಿ ಇಬ್ಬರಿಗೂ ಸೊಂಟನೋವು. ಸಂಜೆ ಒಬ್ಬರ ಸೊಂಟಕ್ಕೆ ಇನ್ನೊಬ್ಬರು ಮುಲಾಮು ತಿಕ್ಕುತ್ತಾ ಅತ್ತೆಯನ್ನು ಬೈದುಕೊಳ್ಳುತ್ತಿದ್ದೆವು. ಅವರು ತೀರಿಕೊಂಡ ಮೇಲೂ ಬೈದೆವು. ಸಾರು, ಹುಳಿ ನನ್ನ ಪಾಲು. ಪಲ್ಯ, ಚಪಾತಿ ಅವಳದು. ಜಗಳ ಆಡಲಿಲ್ಲವೇ? ಧಾರಾಳವಾಗಿ ಆಡಿದ್ದೇವೆ. ಮಾತು ಬಿಟ್ಟಿದ್ದೂ ಉಂಟು. ಆದರೆ ಮಾತು ಬಿಟ್ಟ ದಿನವೂ "ಇದಕ್ಕೆ ಉಪ್ಪು ಹಾಕಿದ್ಯಾ?" ಅಂತ ಕೇಳದೆ ಇರಲು ಆಗುತ್ತದೆಯೇ? ಅಲ್ಲಿಗೆ ಜಗಳ ಮುಗಿಯುತ್ತಿತ್ತು.

ಈಗ ಕಾರ್ತಿಕ್‌ಗೆ ಮದುವೆ ಗೊತ್ತಾಗಿದೆ. ನಾಲ್ವರಿದ್ದವರು ಐವರಾಗುತ್ತೇವೆ. ಮನೆಗೆ ಹೊಸ ಹುಡುಗಿ ಬರುತ್ತಾಳೆ ಅಂದ ಮೇಲೆ ಮನೆ ಹಳೆಯದಾಗಿರಬಹುದೇ? ಕೆಳಗೆ ಮಾಡ್ಯುಲರ್ ಕಿಚನ್ ಬಂತು. ಹುಡುಗಿ ವಿಡಿಯೋ ಕಾಲ್‌ನಲ್ಲಿ ನೋಡಿ ಬೂದು ಬಣ್ಣದ ಕಟ್ಟೆ ಆರಿಸಿದಳು. ಕಡಪ ಕಲ್ಲನ್ನು ಸುತ್ತಿಗೆಯಿಂದ ಒಡೆದು ಸಿಮೆಂಟ್ ಚೀಲಗಳಲ್ಲಿ ತುಂಬಿ ಗೇಟಿನಾಚೆ ಇಟ್ಟರು. ನಾನೂ ಸುಮಿತ್ರಾನೂ ಹೊಸ ಕಿಚನ್‌ನಲ್ಲಿ ಡಬ್ಬಿಗಳನ್ನು ಜೋಡಿಸಿದೆವು. ಯಾವ ಡ್ರಾಯರ್‌ನಲ್ಲಿ ಯಾವ ಬೇಳೆ ಅಂತ ಅಲ್ಲೂ ಒಂದು ಸಣ್ಣ ಜಗಳವಾಯಿತು. ನನಗಂತೂ ಖುಷಿಯೇ ಆಗಿತ್ತು.

ಅದಾಗಿ ಕೆಲವು ದಿನಗಳಿಗೆ, ಸಂಜೆ ಕಾಫಿ ಹೊತ್ತಿನಲ್ಲಿ ಪ್ರಕಾಶ ಮಾತು ತೆಗೆದ.

"ಅತ್ತಿಗೆ, ನಿಮ್ಮ ರೂಮ್ ಪಕ್ಕ ಸ್ಟೋರ್ ರೂಮ್ ಸುಮ್ನೆ ಖಾಲಿ ಬಿದ್ದಿದೆ. ಅಲ್ಲಿ ನಿಮಗೇ ಅಂತ ಒಂದು ಚಿಕ್ಕ ಕಿಚನ್ ಮಾಡಿಸ್ಬಿಡೋಣ. ಮಂಡಿನೋವು ಇಟ್ಕೊಂಡು ಎಷ್ಟು ಸಲ ಅಂತ ಮೆಟ್ಟಿಲು ಹತ್ತಿ ಇಳೀತೀರಾ? ನಿಮಗೂ ಒಂದು ಫ್ರೀಡಂ ಇರ್ಲಿ."

ಕಾಫಿ ಮಾಡಿಕೊಳ್ಳಲು ಅನುಕೂಲ ಅಂತ ನಾನು ತಿಳಿದುಕೊಂಡೆ. ಎಷ್ಟು ದಡ್ಡಿ ನೋಡಿ. "ಊಟಕ್ಕೆ ಹೆಂಗಿದ್ರೂ ಕೆಳಗೆ ಬರ್ಲೇಬೇಕಲ್ಲಪ್ಪ" ಅಂದೆ. ಪ್ರಕಾಶ ಸುಮಿತ್ರಾಳ ಮುಖ ನೋಡಿದ. ಸುಮಿತ್ರಾ ಲೋಟದೊಳಗೆ ನೋಡಿದಳು. "ಊಟಾನೂ ಅಷ್ಟೇ ಅತ್ತಿಗೆ, ನಿಮಗೆ ಬೇಕಾದ ಟೈಮಿಗೆ, ನಿಮಗೆ ಬೇಕಾದ ಹಂಗೆ ಮಾಡ್ಕೋಬಹುದು" ಅಂದ.

ಅರ್ಥವಾಯಿತು. "ಒಳ್ಳೇದು, ಮಾಡ್ಸು" ಅಂದೆ. ಮನೆ ಅವನದೂ ಹೌದು, ಮಾತು ಒಳ್ಳೆಯದೂ ಹೌದು, ಮಂಡಿನೋವು ನಿಜವೂ ಹೌದು. ಬೇಡ ಅನ್ನಲು ನನ್ನ ಹತ್ತಿರ ಒಂದೇ ಕಾರಣವಿತ್ತು. ನನಗೆ ಒಬ್ಬಳೇ ಅಡುಗೆ ಮಾಡಿಕೊಂಡು ಒಬ್ಬಳೇ ಉಣ್ಣಲು ಇಷ್ಟವಿಲ್ಲ. ಇಷ್ಟು ಸರಳವಾದ ಮಾತನ್ನು ಈ ವಯಸ್ಸಿನಲ್ಲಿ ಬಾಯಿಬಿಟ್ಟು ಹೇಳುವುದು ಹೇಗೆ? ಹೇಳಿದರೆ ಬೇಡಿದಂತೆ ಆಗುತ್ತದೆ. ನನಗೆ ಬೇಡಿ ಅಭ್ಯಾಸವಿಲ್ಲ.

ಹಿಂದೆಲ್ಲ ಒಲೆ ಬೇರೆಯಾಗುವುದೆಂದರೆ ದೊಡ್ಡ ರಾದ್ಧಾಂತ. ಓರಗಿತ್ತಿಯರು ಕಿತ್ತಾಡುತ್ತಿದ್ದರು, ಪಾತ್ರೆಗಳು ಹಾರಾಡುತ್ತಿದ್ದವು, ಹಿರಿಯರು ಬಂದು ಜಗಲಿಯ ಮೇಲೆ ಕೂತು ಪಂಚಾಯಿತಿ ಮಾಡುತ್ತಿದ್ದರು. ಬೀದಿಗೆಲ್ಲ ಗೊತ್ತಾಗುತ್ತಿತ್ತು. ಹೋಗುವವರು ಶಾಪ ಹಾಕಿ ಹೋಗುತ್ತಿದ್ದರು. ಕೆಟ್ಟದ್ದೇ, ಒಪ್ಪುತ್ತೇನೆ. ಈಗ ಹಾಗಿಲ್ಲ. ಈಗ ಎಲ್ಲರೂ ವಿದ್ಯಾವಂತರು. ಇಂಜಿನಿಯರ್ ಬಂದು ಡ್ರಾಯಿಂಗ್ ಹಾಕಿಕೊಡುತ್ತಾನೆ. ಪ್ಲಂಬರ್ ಬಂದು ಪೈಪ್ ಎಳೆಯುತ್ತಾನೆ. ಎಲ್ಲರೂ ನಗುತ್ತಾ ಬೇರೆಯಾಗುತ್ತಾರೆ. ನಮ್ಮ ರಸ್ತೆಯಲ್ಲೇ ನೋಡಿ, ಒಂದೊಂದು ಗೇಟಿಗೂ ಮೂರು ಮೂರು ಕಾಲಿಂಗ್ ಬೆಲ್. ಒಳಗಿರುವವರೆಲ್ಲ ಅಣ್ಣತಮ್ಮಂದಿರೇ. ಯಾರಿಗೂ ಯಾರ ಮೇಲೂ ಸಿಟ್ಟಿಲ್ಲ.

ಸಿಟ್ಟಿಲ್ಲದಿರುವುದೇ ಕಷ್ಟ. ಜಗಳವಾಡಿ ಹೊರಗೆ ಹಾಕಿದ್ದರೆ ಬೈದುಕೊಂಡಾದರೂ ಇರಬಹುದಿತ್ತು. ಇಷ್ಟು ಪ್ರೀತಿಯಿಂದ ಕಳಿಸಿದರೆ ಯಾರನ್ನು ಬೈಯುವುದು? ಮಂಡಿಚಿಪ್ಪನ್ನೇ?

ಇರಲಿ, ಕಲ್ಲಿನ ವಿಷಯಕ್ಕೆ ಬರುತ್ತೇನೆ.

ಮೈಸೂರು ರಸ್ತೆ ಕಡೆಯ ಆ ಅಂಗಡಿ ಅಂಗಡಿಯಲ್ಲ, ಒಂದು ಬಯಲು. ಆಳೆತ್ತರಕ್ಕೂ ಮೀರಿದ ಕಲ್ಲಿನ ಚಪ್ಪಡಿಗಳನ್ನು ಕಬ್ಬಿಣದ ಸ್ಟ್ಯಾಂಡುಗಳಿಗೆ ಒರಗಿಸಿ ಸಾಲುಸಾಲಾಗಿ ನಿಲ್ಲಿಸಿದ್ದಾರೆ. ನಡುವೆ ಓಣಿಗಳು. ಅತ್ತ ಕಲ್ಲು ಕೊಯ್ಯುವ ಮೆಷಿನ್ನಿನ ಕಿರುಚಾಟ. ಗಾಳಿಯಲ್ಲೆಲ್ಲ ಪುಡಿ. ಅಲ್ಲಿ ನಿಂತ ಸ್ವಲ್ಪ ಹೊತ್ತಿಗೇ ಮೂವರ ತಲೆಯೂ ಒಂದೇ ಸಮ ನೆರೆಯಿತು.

"ಎಲ್ಲಾ ನ್ಯಾಚುರಲ್ ಸ್ಟೋನ್ ಅಮ್ಮಾ. ಒಂದರ ಹಂಗೆ ಇನ್ನೊಂದು ಇರಲ್ಲ. ಆರಾಮಾಗಿ ನೋಡಿ" ಅಂದ ಅಂಗಡಿಯವನು. ರಾಜಸ್ಥಾನದ ಕಡೆಯವನಂತೆ. ವ್ಯಾಪಾರದ ಕನ್ನಡ ಬೆಣ್ಣೆಯ ಹಾಗಿದೆ.

ನಾನು ಮೊದಲು ಕೈ ಇಟ್ಟಿದ್ದು ಬಿಳಿ ಮಾರ್ಬಲ್ ಮೇಲೆ. ತಣ್ಣಗೆ, ನುಣ್ಣಗೆ, ಚೆನ್ನಾಗಿತ್ತು. ಅವನು ತಲೆಯಾಡಿಸಿಬಿಟ್ಟ. "ಅಡುಗೆಮನೆಗೆ ಬೇಡಮ್ಮಾ. ಹುಣಸೆಹುಳಿ, ನಿಂಬೆಹುಳಿ ಬಿದ್ರೆ ಪಾಲಿಶ್ ತಿಂದುಹಾಕುತ್ತೆ. ಅರಿಶಿನ ಬಿದ್ರೆ ಕಲೆ ಹೋಗೋದೇ ಇಲ್ಲ. ಗ್ರಾನೈಟ್ ತಗೊಳ್ಳಿ. ಕುದಿಯೋ ಪಾತ್ರೆ ಇಟ್ರೂ ಏನೂ ಆಗಲ್ಲ. ನಾವು ಹೋದ್ರೂ ಅದಿರುತ್ತೆ."

ಕಲ್ಲು ಮಾರುವವರೆಲ್ಲ ಹೀಗೇ ಹೇಳುತ್ತಾರೋ ಏನೋ. ನಾವು ಹೋದರೂ ಇರುವ ವಸ್ತುವನ್ನು ಇಷ್ಟೊಂದು ಉತ್ಸಾಹದಿಂದ ಯಾಕೆ ಕೊಳ್ಳುತ್ತೇವೆ? ಬೆಂಗಳೂರಿನಲ್ಲಿ ಈಗ ಎಲ್ಲ ಅಡುಗೆಮನೆಯ ಕಟ್ಟೆಯೂ ಲೈಫ್‌ಟೈಮ್ ಗ್ಯಾರಂಟಿಯದೇ. ಯಾರ ಲೈಫ್ ಅಂತ ಮಾತ್ರ ಯಾರೂ ಕೇಳುವುದಿಲ್ಲ.

ಬಕೆಟ್ಟಿನಿಂದ ನೀರು ತೆಗೆದು ಒಂದೊಂದು ಕಲ್ಲಿಗೂ ಎರಚಿ ತೋರಿಸಿದ. ಒಣಗಿದಾಗ ಮಂಕಾಗಿದ್ದದ್ದು ನೀರು ಬಿದ್ದೊಡನೆ ಬಣ್ಣ ಬಿಡುತ್ತದೆ. ಕಂದು ಚುಕ್ಕೆಯದು, ಗುಲಾಬಿ ಗೆರೆಯದು, ಅಲೆಅಲೆಯಾಗಿ ಹರಿದದ್ದು. ಹೆಸರುಗಳೋ, ದೊಡ್ಡ ಹೋಟೆಲುಗಳ ಬೋರ್ಡಿನಂತೆ. ಕೊನೆಯ ಸಾಲಿನಲ್ಲಿ ಒಂದು ಕಪ್ಪು ಕಲ್ಲಿತ್ತು. ಅಪ್ಪಟ ಕಪ್ಪು, ಒಂದು ಚುಕ್ಕೆಯೂ ಇಲ್ಲ. ಅದರಲ್ಲಿ ನನ್ನ ಮುಖ ಕಾಣುತ್ತಿತ್ತು. ಪಕ್ಕದಲ್ಲಿ ಸುಮಿತ್ರಾಳ ಮುಖವೂ.

ಪ್ರಕಾಶ ಅಂಗಡಿಯವನನ್ನು ಕರೆದುಕೊಂಡು ಪಕ್ಕದ ಓಣಿಗೆ ಹೋದ. ನಡುವೆ ಇದ್ದದ್ದು ಕಲ್ಲುಗಳ ಒಂದು ಸಾಲಷ್ಟೇ. ಅಷ್ಟರಲ್ಲಿ ಕೊಯ್ಯುವ ಮೆಷಿನ್ ನಿಂತಿತು. ಅವನ ಮಾತು ಸ್ಪಷ್ಟವಾಗಿ ಕೇಳಿಸಿತು.

"ಸ್ವಲ್ಪ ಲೈಟ್ ಕಲರ್ ತೋರ್ಸಿ ಸಾರ್. ಕಪ್ಪು ಹಾಕಿದ್ರೆ ಆ ರೂಮು ಕತ್ತಲೆ ಹೊಡೆಯುತ್ತೆ. ಮುಂದೆ ಯಾವತ್ತಾದ್ರೂ ಬಾಡಿಗೆಗೆ ಕೊಟ್ರೂ ನೋಡೋಕೆ ಚೆನ್ನಾಗಿರ್ಬೇಕು."

ಮುಂದೆ ಯಾವತ್ತಾದರೂ. ಅಂದರೆ ಯಾವತ್ತು? ಲೆಕ್ಕ ಹಾಕಲು ಗಣಿತದ ಟೀಚರೇ ಬೇಕಾಗಿಲ್ಲ. ನಾನು ಆರಿಸುತ್ತಿದ್ದದ್ದು ನನ್ನ ಅಡುಗೆಮನೆಯ ಕಲ್ಲಲ್ಲ. ನನ್ನ ನಂತರ ಆ ರೂಮಿಗೆ ಬರುವ ಬಾಡಿಗೆಯವರ ಅಡುಗೆಮನೆಯ ಕಲ್ಲು. ಅವರು ಬರುವ ತನಕ ನಾನು ಅದನ್ನು ಒರೆಸಿಕೊಂಡಿರಬೇಕು, ಅಷ್ಟೇ. ಪ್ರಕಾಶ ಕೆಟ್ಟವನಲ್ಲ. ನಾನು ಮದುವೆಯಾಗಿ ಬಂದಾಗ ಅವನು ಕಾಲೇಜು ಹುಡುಗ. ಅವನ ಡಬ್ಬಿಗೆ ಚಿತ್ರಾನ್ನ ಕಲಸಿದವಳು ನಾನು. ಅವನು ಲೆಕ್ಕಾಚಾರದ ಮನುಷ್ಯ, ಎಲ್ಲದರಲ್ಲೂ ಮುಂದಿನದು ಯೋಚಿಸುತ್ತಾನೆ. ಆ ಮುಂದಿನದರಲ್ಲಿ ನಾನಿಲ್ಲ ಅನ್ನುವುದು ಅವನ ತಪ್ಪೇನಲ್ಲ. ಆದರೂ ಅಳು ಬಂತು. ಪುಡಿ ಕಣ್ಣಿಗೆ ಬಿತ್ತು ಅನ್ನಲು ಅಲ್ಲಿ ಬೇಕಾದಷ್ಟು ಪುಡಿಯಿತ್ತು, ಒಳ್ಳೆಯದೇ ಆಯಿತು.

ಸುಮಿತ್ರಾಗೂ ಕೇಳಿಸಿತ್ತು. ನನಗೆ ಕೇಳಿಸಿದ್ದು ಅವಳಿಗೆ ಗೊತ್ತಾಗಿತ್ತು.

"ಅಕ್ಕ, ಅವರು ಸುಮ್ನೆ ಬಾಯಿಗೆ ಬಂದಿದ್ದು ಅಂದ್ರು…"

"ಗೊತ್ತು ಬಿಡು."

"ನಿಮಗೆ ಬೇಜಾರಿಲ್ಲ ತಾನೆ?"

ಈ ಪ್ರಶ್ನೆಗೆ ನಮ್ಮ ಮನೆಗಳಲ್ಲಿ ಒಂದೇ ಉತ್ತರ. ಕೇಳುವವರಿಗೂ ಗೊತ್ತು, ಹೇಳುವವರಿಗೂ ಗೊತ್ತು. "ಛೆ ಛೆ, ಬೇಜಾರ್ಯಾಕೆ?" ಅಂದೆ.

ಅವಳು ಸೆರಗಿನಿಂದ ಕಲ್ಲಿನ ಮೇಲಿನ ಪುಡಿ ಒರೆಸುತ್ತಾ ನಿಂತಳು. ಆಮೇಲೆ ಕಲ್ಲಿಗೇ ಹೇಳುವಂತೆ ಹೇಳಿದಳು. "ಅಕ್ಕ, ಇದು ನಂದೇ ತಪ್ಪು. ಅವತ್ತು ಹುಡುಗಿ ಕಡೆಯವರು ಮನೆ ನೋಡೋಕೆ ಬಂದಿದ್ರಲ್ಲ, ನೀವು ಒಳಗೆ ಕೇಸರಿಬಾತ್ ಮಾಡ್ತಿದ್ರಿ. ಆ ಹುಡುಗಿ ತಾಯಿ ಕೇಳಿದ್ರು, ‘ಮೇಲಿರೋವ್ರದ್ದು ಕಿಚನ್ ಬೇರೇನಾ?’ ಅಂತ."

"ನೀನೇನಂದೆ?"

"ಬೇರೇನೇ ಅಂದ್ಬಿಟ್ಟೆ."

ಅಂದರೆ ಮೊದಲು ಬಂದದ್ದು ಸುಳ್ಳು. ಅದನ್ನು ನಿಜ ಮಾಡಲು ಈಗ ಕಿಚನ್ ಬರುತ್ತಿದೆ. ಮಂಡಿನೋವು ನಡುವೆ ಸಿಕ್ಕ ನೆಪ.

"ಒಂದೇ ಅಡುಗೆಮನೇಲಿ ಇಬ್ಬಿಬ್ಬರು ಅತ್ತೆ ಅಂದ್ರೆ ಈಗಿನವರು ಹೆದರ್ತಾರೆ ಅಕ್ಕ. ಈಗಾಗ್ಲೇ ಎರಡು ಸಂಬಂಧ ಮುರಿದೋಗಿತ್ತಲ್ಲ. ಇದೂ ತಪ್ಪೋದ್ರೆ ಅಂತ ನನಗೆ ಭಯ ಆಗ್ಬಿಡ್ತು. ಹೇಳಿದ್ಮೇಲೆ ವಾಪಸ್ ತಗೊಳೋಕಾಗುತ್ತಾ?"

ಸಿಟ್ಟು ಬಂತೇ? ಬಂತು, ಚೆನ್ನಾಗಿಯೇ ಬಂತು. ಅವರಿಗೆ ಕೇಸರಿಬಾತ್ ತಿರುವುತ್ತಾ ನಾನು ಒಳಗಿದ್ದಾಗ ಹೊರಗೆ ನನ್ನನ್ನು ಮೇಲೆ ಕಳಿಸಿ ಆಗಿತ್ತಲ್ಲ! ಅವರು ಎರಡೆರಡು ಸಲ ಹಾಕಿಸಿಕೊಂಡು ತಿಂದಿದ್ದರು ಬೇರೆ. ಆದರೆ ನನಗೆ ಮಗಳಿದ್ದಿದ್ದರೆ ನಾನೇನು ಕೇಳುತ್ತಿದ್ದೆ? ಅದನ್ನೇ ಕೇಳುತ್ತಿದ್ದೆ. ನನಗೆ ಮಗನಿದ್ದು, ಎರಡು ಸಂಬಂಧ ತಪ್ಪಿಹೋಗಿದ್ದರೆ ನಾನೇನು ಹೇಳುತ್ತಿದ್ದೆ? ಹೇಳಲಾರೆ. ಬೈಯೋಣವೆಂದು ಬಾಯಿ ತೆಗೆದರೆ ಬೈಗುಳ ಯಾರ ಮೇಲೂ ಸರಿಯಾಗಿ ಕೂರುತ್ತಿರಲಿಲ್ಲ. ಅವಳು ಅಳುತ್ತಿದ್ದಳು. ಕೈಚೀಲದಿಂದ ನೀರಿನ ಬಾಟಲಿ ತೆಗೆದು ಕೊಟ್ಟೆ. ಇಷ್ಟು ವರ್ಷದ ಅಭ್ಯಾಸ.

ನಿಜ ಹೇಳಲೇ? ಆಗಲೂ ನಾನು ಒಂದು ಮಾತಿಗೆ ಕಾಯುತ್ತಿದ್ದೆ. "ಬನ್ನಿ ಅಕ್ಕ, ಮನೆಗೆ ಹೋಗೋಣ, ಈ ಕಲ್ಲೂ ಬೇಡ ಏನೂ ಬೇಡ" ಅಂತ ಅವಳು ಅಂದುಬಿಡುತ್ತಾಳೇನೋ ಅಂತ. ಅವಳು ನೀರು ಕುಡಿದು ಮುಚ್ಚಳ ತಿರುಗಿಸಿ ಬಾಟಲಿ ವಾಪಸು ಕೊಟ್ಟಳು.

ಪ್ರಕಾಶ ಬಂದ. ಹಿಂದೆಯೇ ಅಂಗಡಿಯವನು. "ಯಾವ್ದು ಸೆಲೆಕ್ಟ್ ಆಯ್ತು ಅತ್ತಿಗೆ?"

"ಕಪ್ಪು" ಅಂದೆ.

"ಕಪ್ಪು ಮೇಲೆ ಧೂಳು, ನೀರಿನ ಕಲೆ ಎಲ್ಲಾ ಕಾಣುತ್ತಮ್ಮಾ, ದಿನಾ ಒರೆಸ್ತಾನೇ ಇರ್ಬೇಕು" ಅಂದ ಅಂಗಡಿಯವನು.

"ನನಗಿನ್ನೇನು ಕೆಲಸ? ಒರೆಸ್ತೀನಿ. ಕಪ್ಪೇ ಬೇಕು."

ಪ್ರಕಾಶ ಬೇಡ ಅನ್ನುತ್ತಾನೆ ಅಂದುಕೊಂಡಿದ್ದೆ. ಅಂದಿದ್ದರೆ ಅದನ್ನೇ ಹಿಡಿದುಕೊಂಡು ಆ ಬಯಲಿನಲ್ಲೇ ಒಂದು ಜಗಳ ತೆಗೆಯುವ ತಯಾರಿಯಲ್ಲಿದ್ದೆ. ಬಾಡಿಗೆ ಮಾತನ್ನೂ ಎತ್ತುತ್ತಿದ್ದೆ. ಅವನು ನಕ್ಕುಬಿಟ್ಟ. "ಆಯ್ತು ಅತ್ತಿಗೆ. ನಿಮ್ಮ ಕಿಚನ್, ನಿಮ್ಮ ಇಷ್ಟ." ಕೂಡಲೇ ಅಂಗಡಿಯವನು ಅಂಚು ಹೇಗಿರಬೇಕು ಅಂತ ಕೇಳಿದ. ದುಂಡಗೆ ಬೇಕೋ, ಚಪ್ಪಟೆಯಾಗಿ ಬೇಕೋ? ಸಿಂಕ್ ಎಡಕ್ಕೋ ಬಲಕ್ಕೋ? ಗೋಡೆಗೂ ಇದೇ ಕಲ್ಲೋ, ಟೈಲ್ಸೋ? ಪ್ರತಿಯೊಂದಕ್ಕೂ ಎಲ್ಲರೂ ನನ್ನ ಮುಖವನ್ನೇ ನೋಡಿದರು. ನನ್ನ ಇಡೀ ಜೀವನದಲ್ಲಿ ಯಾರೂ ನನ್ನನ್ನು ಇಷ್ಟೊಂದು ಪ್ರಶ್ನೆ ಕೇಳಿರಲಿಲ್ಲ. ಈ ಕಿಚನ್ ನಿಮಗೆ ಬೇಕೇ ಅನ್ನುವುದೊಂದು ಬಿಟ್ಟು ಎಲ್ಲವನ್ನೂ ಕೇಳಿದರು.

ಕಲ್ಲು ಬಂತು, ಕೂರಿಸಿದರು. ಗಾರೆಯವರು ಕಟ್ಟೆಯನ್ನು ಈಗಿನ ಸ್ಟ್ಯಾಂಡರ್ಡ್ ಎತ್ತರಕ್ಕೆ ಕಟ್ಟಿದ್ದಾರೆ. ಮೊದಲ ಬಾರಿಗೆ ಬೆನ್ನು ನೆಟ್ಟಗೆ ಮಾಡಿಕೊಂಡು ನಿಲ್ಲಬಹುದು. ಅಂಗಡಿಯವನು ಹೇಳಿದ್ದು ಸುಳ್ಳಲ್ಲ, ಕಪ್ಪಿನ ಮೇಲೆ ಎಲ್ಲವೂ ಕಾಣುತ್ತದೆ. ಕೈ ಇಟ್ಟರೆ ಕೈಯ ಗುರುತು ಕಾಣುತ್ತದೆ. ಒಬ್ಬಳದೇ ಕೈಯ ಗುರುತು. ಅದನ್ನು ನೋಡುತ್ತಾ ನಿಂತಾಗ ನನಗೆ ಹೊಳೆಯಿತು, ಒಬ್ಬರಿಗೆ ಸಾರು ಮಾಡುವುದು ನನಗೆ ಗೊತ್ತೇ ಇಲ್ಲ. ಬೇಳೆ ಎಷ್ಟು ಹಾಕುವುದು? ಒಂದು ಟೊಮ್ಯಾಟೋ ಹಾಕಿದರೆ ಹೆಚ್ಚಾಗುವುದಿಲ್ಲವೇ? ಉಳಿದರೆ ಯಾರಿಗೆ ಹಾಕಿಕೊಳ್ಳಿ ಅನ್ನುವುದು? ಇಷ್ಟು ವರ್ಷ ಅಡುಗೆ ಮಾಡಿದವಳು ಈಗ ಫೋನಿನಲ್ಲಿ ವಿಡಿಯೋ ನೋಡಿ ಕಲಿಯಬೇಕಾಗಿದೆ. (ಅಂಥ ವಿಡಿಯೋಗಳು ಬೇಕಾದಷ್ಟಿವೆ. ನೋಡುವವರೂ ಬಹಳ ಜನ. ಎಲ್ಲ ಮನೆಗಳಲ್ಲೂ ಸ್ಟೋರ್ ರೂಮುಗಳು ಖಾಲಿಯಾಗುತ್ತಿರಬೇಕು.)

ಹೋದ ಶುಕ್ರವಾರ ಹಾಲು ಉಕ್ಕಿಸುವ ಶಾಸ್ತ್ರ. ಹೊಸ ಒಲೆ ಹಚ್ಚುವುದೆಂದರೆ ಮೊದಲು ಹಾಲು ಉಕ್ಕಬೇಕಲ್ಲ. ಸುಮಿತ್ರಾ ರೇಷ್ಮೆ ಸೀರೆ ಉಟ್ಟು ಮೇಲೆ ಬಂದಳು. ಸ್ಟವ್‌ಗೆ ಅರಿಶಿನ ಕುಂಕುಮ ಇಟ್ಟಳು, ಹೂವು ಇಟ್ಟಳು, ಹಚ್ಚಿದಳು. ಅದು ಮುತ್ತೈದೆ ಮಾಡಬೇಕಾದ ಕೆಲಸ. ಹಾಗಂತ ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ನಾನಾಗಿಯೇ ಬಾಗಿಲ ಹತ್ತಿರ ಸರಿದು ನಿಂತಿದ್ದೆ. ನನ್ನ ಕಿಚನ್, ನನ್ನ ಇಷ್ಟ. ಹಾಲು ಮಾತ್ರ ಅವಳು ಉಕ್ಕಿಸಬೇಕು. ಈ ನಿಯಮಗಳನ್ನು ಮಾಡಿದವರು ಯಾರೋ, ಅವರಿಗೆ ನಾಚಿಕೆಯಾಗಬೇಕು. ಸುಮ್ಮನೆ ಸರಿದು ನಿಂತ ನನಗೂ.

ಹಾಲು ಉಕ್ಕಿತು. ಸ್ಟವ್ ದಾಟಿ ಕಪ್ಪು ಕಲ್ಲಿನ ಮೇಲೆ ಬೆಳ್ಳಗೆ ಹರಿಯಿತು. ಕಾರ್ತಿಕ್ ಫೋಟೋ ತೆಗೆದ. ಪ್ರಕಾಶ ಚಪ್ಪಾಳೆ ತಟ್ಟಿದ. ಸುಮಿತ್ರಾ ಒರೆಸುವ ಬಟ್ಟೆಗಾಗಿ ಅತ್ತಿತ್ತ ನೋಡಿದಳು. ಬಟ್ಟೆ ಕೆಳಗಿತ್ತು. ನನ್ನ ಹತ್ತಿರ ಇನ್ನೂ ಒಂದೂ ಇರಲಿಲ್ಲ. ಕೊನೆಗೆ ನಮ್ಮ ಯಜಮಾನರ ಹಳೆಯ ಟವೆಲ್ ತಂದು ನಾನೇ ಒರೆಸಿದೆ. ಮಿಕ್ಕ ಹಾಲಿಗೆ ಸಕ್ಕರೆ ಹಾಕಿ ಎಲ್ಲರೂ ಒಂದೊಂದು ಗುಟುಕು ಕುಡಿದೆವು.

ಗಂಡಸರು ಇಳಿದುಹೋದರು. ಸುಮಿತ್ರಾ ಅರ್ಧ ಮೆಟ್ಟಿಲು ಇಳಿದವಳು ತಿರುಗಿ ನಿಂತಳು. ಮುಖದಲ್ಲಿ ನಿಜವಾದ ಅಕ್ಕರೆಯಿತ್ತು, ಅದರಲ್ಲಿ ಅನುಮಾನವಿಲ್ಲ.

"ಅಕ್ಕ, ನೀವೇನೂ ಮಾಡ್ಕೊಳಕ್ಕೆ ಹೋಗ್ಬೇಡಿ. ಇವತ್ತು ಊಟಕ್ಕೆ ನಮ್ಮನೆಗೇ ಬಂದ್ಬಿಡಿ."

ಊಟಕ್ಕೆ ಕರೆದ ಮೇಲೆ ಬರಿಗೈಯಲ್ಲಿ ಹೋಗುವುದು ಸರಿಯೇ? ರಸ್ತೆ ಕೊನೆಯ ಗಾಡಿಯಿಂದ ಒಂದು ಚಿಪ್ಪು ಬಾಳೆಹಣ್ಣು ಕೊಂಡುಕೊಂಡೆ. ಬಾಗಿಲು ತೆರೆದೇ ಇತ್ತು, ಆದರೂ ಬೆಲ್ ಒತ್ತಿದೆ. ಬಂದ ನೆಂಟರಿಗೆಲ್ಲ ಅನ್ನುವ ಹಾಗೆ ಸುಮಿತ್ರಾ "ಇದೆಲ್ಲ ಯಾಕೆ ತರೋಕೆ ಹೋದ್ರಿ?" ಅಂದಳು, ಎರಡೂ ಕೈಯಲ್ಲಿ ತೆಗೆದುಕೊಂಡು ಒಳಗಿಟ್ಟಳು.